ಸಾಸ್ ಮಾಡಲು ಹೋದರೆ ಸಾರಾಗುತ್ತದೆ, ಯಾಕೆ?

ಪ್ರಶ್ನೆ: ಮಗಳಿಗೆ ಪಾಸ್ತಾ ಅಂದ್ರೆ ಪ್ರಾಣ. ಅಂಗಡಿಯ ಬಾಟಲಿ ಸಾಸ್ ಬೇಡ ಅಂತ ಮನೆಯಲ್ಲೇ ಮಾಡಿದೆ. ಐದಾರು ನಾಟಿ ಟೊಮೆಟೊ ಮಿಕ್ಸಿಯಲ್ಲಿ ರುಬ್ಬಿ, ಬೆಳ್ಳುಳ್ಳಿ ಒಗ್ಗರಣೆಗೆ ಸುರಿದು ಹತ್ತು ನಿಮಿಷ ಕುದಿಸಿದೆ. ನೀರುನೀರಾಯಿತು. ಬಣ್ಣವೂ ಕೆಂಪಲ್ಲ, ತಿಳಿ ಗುಲಾಬಿ. 'ಅಮ್ಮಾ, ಇದು ಸಾರು' ಅಂದುಬಿಟ್ಟಳು. ಎಲ್ಲಿ ತಪ್ಪಿದೆ?
– ಗೃಹಿಣಿ, ವಿಜಯನಗರ

ನಿಮ್ಮ ಪತ್ರದಲ್ಲೇ ಮೂರು ಉತ್ತರ ಇದೆ. ನಾಟಿ ಟೊಮೆಟೊ, ಮಿಕ್ಸಿ, ಹತ್ತು ನಿಮಿಷ. ಮೂರನ್ನೂ ಬಿಡಿಸಿ ಹೇಳುತ್ತೇನೆ. ಈ ಸಾಸ್‌ನಲ್ಲಿ ಟೊಮೆಟೊ ಬಿಟ್ಟರೆ ಬೇರೆ ಏನೂ ಇಲ್ಲ. ಅದನ್ನು ಸರಿಯಾಗಿ ನಡೆಸಿಕೊಂಡರೆ ಆಯಿತು.

ಮೊದಲು ಹಣ್ಣು. ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತದೆ. ನಾಟಿ ಟೊಮೆಟೊ ಗುಂಡಗೆ, ಸ್ವಲ್ಪ ಚಪ್ಪಟೆ. ಸಿಪ್ಪೆ ತೆಳು, ರಸ ಜಾಸ್ತಿ, ಹುಳಿ ಜಾಸ್ತಿ. ಸಾರಿಗೆ ಅದನ್ನು ಮೀರಿಸಿದ್ದು ಇಲ್ಲ. ಇನ್ನೊಂದು ಹೈಬ್ರಿಡ್. ಮೊಟ್ಟೆಯ ಆಕಾರ, ದಪ್ಪ ಸಿಪ್ಪೆ, ಒಳಗೆ ಗಟ್ಟಿ ತಿರುಳು. ಕೋಲಾರದ ಮಂಡಿಯಿಂದ 15 ಕಿಲೋ ಬಾಕ್ಸ್‌ಗಳಲ್ಲಿ ದೂರದ ಊರುಗಳಿಗೂ ಹೋಗಬೇಕಲ್ಲ, ಅದಕ್ಕೆ ಇಂಥ ಗಟ್ಟಿ ಹಣ್ಣೇ ಬೇಕು. ಇಟಲಿಯವರು ಸಾಸ್‌ಗೆ ಹೆಸರು ಹೇಳುವುದು ಸಾನ್ ಮಾರ್ಜಾನೊ ಅನ್ನುವ ತಳಿಯನ್ನು. ನೇಪಲ್ಸ್ ಹತ್ತಿರ, ವೆಸುವಿಯಸ್ ಬೆಟ್ಟದ ಆಸುಪಾಸಿನಲ್ಲಿ ಬೆಳೆಯುತ್ತದೆ. ಅದೂ ಉದ್ದನೆಯದೇ. ತಿರುಳು ದಪ್ಪ, ಬೀಜ ಕಡಿಮೆ. ಹಾಗಾಗಿ ನಮ್ಮ ಹೈಬ್ರಿಡ್ ಈ ಕೆಲಸಕ್ಕೆ ಹೆಚ್ಚು ಹತ್ತಿರ. ಆದರೆ ಬರೀ ಅದನ್ನೇ ಹಾಕಿದರೆ ರುಚಿ ಸಪ್ಪೆ. ನಾನು ಮೂರು ಪಾಲು ಹೈಬ್ರಿಡ್, ಒಂದು ಪಾಲು ನಾಟಿ ಹಾಕುತ್ತೇನೆ.

ತಂದ ದಿನವೇ ಮಾಡಲು ಹೋಗಬೇಡಿ. ಗಾಡಿಗೆ ಬರುವುದು ಹೆಚ್ಚಾಗಿ ದೋರೆಗಾಯಿ. ಬುಟ್ಟಿಯಲ್ಲಿ ಹರಡಿ ಎರಡು ಮೂರು ದಿನ ಹೊರಗೇ ಇಡಿ. ಫ್ರಿಜ್‌ನ ತಂಪು ಹಣ್ಣಿನ ಘಮವನ್ನು ಕೊಲ್ಲುತ್ತದೆ. ತೊಟ್ಟಿನ ಸುತ್ತ ಹಸಿರು ಹೋಗಿ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಮೆತ್ತಗೆ ಅನಿಸಬೇಕು. ಆಗ ಮಾಡಿ.

ಇನ್ನು ಮಿಕ್ಸಿ. ಅದು ಜೋರಾಗಿ ತಿರುಗುವಾಗ ರಸದೊಳಗೆ ಗಾಳಿ ನುಗ್ಗಿ ನೊರೆ ಏಳುತ್ತದೆ. ನೀವು ನೋಡಿದ ಗುಲಾಬಿ ಬಣ್ಣ ಆ ನೊರೆಯದು. ಬೀಜವೂ ಅರೆದು ಸ್ವಲ್ಪ ಕಹಿ ಬಿಡುತ್ತದೆ. ಅದರ ಬದಲು ಕಾಯಿತುರಿ, ಕ್ಯಾರೆಟ್ ತುರಿಯುವ ಆ ತಗಡಿನ ತುರಿಮಣೆ ತೆಗೆದುಕೊಳ್ಳಿ. ಟೊಮೆಟೊವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ. ಕೊಯ್ದ ಮುಖವನ್ನು ದೊಡ್ಡ ಕಣ್ಣಿಗೆ ಇಟ್ಟು, ಸಿಪ್ಪೆಯ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ತುರಿಯಿರಿ. ಮೊದಲ ಎರಡು ಎಳೆತಕ್ಕೆ ರಸ ಪಿಚಕ್ ಅಂತ ಹಾರುತ್ತದೆ, ಏಪ್ರನ್ ಇದ್ದರೆ ಒಳ್ಳೆಯದು. ಆಮೇಲೆ ತಿರುಳು ತಣ್ಣಗೆ ಪಾತ್ರೆಗೆ ಜಾರುತ್ತಾ ಹೋಗುತ್ತದೆ. ಕೊನೆಗೆ ಅಂಗೈಯಲ್ಲಿ ಉಳಿಯುವುದು ಕಾಗದದಷ್ಟು ತೆಳು ಸಿಪ್ಪೆ ಒಂದೇ. ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿಯುವ ಗೋಜೇ ಇಲ್ಲ. ಬೀಜದ ಸುತ್ತ ಇರುವ ಲೋಳೆಯನ್ನು ಎಸೆಯಬೇಡಿ. ನಾಲಿಗೆಗೆ ತುಂಬು ರುಚಿ ಕೊಡುವ ಗ್ಲುಟಮೇಟ್ ತಿರುಳಿಗಿಂತ ಅಲ್ಲೇ ಜಾಸ್ತಿ.

ಮೂರನೆಯದು ಸಮಯ. ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರೇ. ಆ ನೀರು ಹೋಗದೆ ಸಾಸ್ ಆಗುವುದಿಲ್ಲ. ಅಗಲ ಬಾಯಿಯ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಒಂದು ಕಿಲೋ ಟೊಮೆಟೊಗೆ ಮೂರು ದೊಡ್ಡ ಚಮಚ ಎಣ್ಣೆ, ತೆಳ್ಳಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ. ಆಲಿವ್ ಎಣ್ಣೆ ಇದ್ದರೆ ಸಂತೋಷ, ಇಲ್ಲದಿದ್ದರೆ ಸೂರ್ಯಕಾಂತಿ ಸಾಕು. ಗಾಣದ ಕಡಲೆಕಾಯಿ ಎಣ್ಣೆ ನನಗೆ ಬಹಳ ಇಷ್ಟ, ಆದರೆ ಇಲ್ಲಿ ಅದರ ವಾಸನೆ ಮೇಲೆ ನಿಲ್ಲುತ್ತದೆ. ಒಗ್ಗರಣೆಯ ಥರ ಎಣ್ಣೆ ಕಾಯಿಸಿ ಚಟಪಟ ಅನ್ನಿಸಬೇಡಿ. ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಹಾಕಿ ಸಣ್ಣ ಉರಿ ಇಡಿ. ಅಂಚು ತುಸು ಬಂಗಾರದ ಬಣ್ಣಕ್ಕೆ ತಿರುಗಿತೋ, ತಕ್ಷಣ ಟೊಮೆಟೊ ಮತ್ತು ಒಂದು ಚಿಕ್ಕ ಚಮಚ ಉಪ್ಪು. ಬೆಳ್ಳುಳ್ಳಿ ಕಂದಾದರೆ ಇಡೀ ಸಾಸ್ ಕಹಿ.

ಮುಚ್ಚಳ ಹಾಕದೆ ಮಧ್ಯಮ ಉರಿಯಲ್ಲಿ 25ರಿಂದ 30 ನಿಮಿಷ ಬಿಡಿ. ನಾಟಿ ಜಾಸ್ತಿ ಇದ್ದರೆ 40 ಆಗಬಹುದು. ಗಡಿಯಾರಕ್ಕಿಂತ ಕಿವಿ ಮೇಲು. ಶುರುವಿನಲ್ಲಿ ಗಳಗಳ ಅನ್ನುತ್ತದೆ, ನೀರು ಇಳಿದ ಮೇಲೆ ಕೊತಕೊತ ಅಂತ ದಪ್ಪ ಸದ್ದು. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಒಂದು ಕ್ಷಣ ನಿಂತು ಆಮೇಲೆ ಮುಚ್ಚಿಕೊಂಡರೆ ಹದ ಬಂದಿದೆ. ಪಾತ್ರೆಯ ಅಂಚಿನಲ್ಲಿ ಕೆಂಪು ಎಣ್ಣೆ ಕಾಣುತ್ತದೆ. ಟೊಮೆಟೊಗೆ ಬಣ್ಣ ಕೊಡುವ ಲೈಕೋಪೀನ್ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೆ ಎಣ್ಣೆ ಕೆಂಪಾಗುತ್ತದೆ. ಟೊಮೆಟೊ ಗೊಜ್ಜು ಮಾಡುವಾಗ 'ಎಣ್ಣೆ ಬಿಡೋ ತನಕ ಬಾಡಿಸು' ಅನ್ನುತ್ತೇವಲ್ಲ, ಅದೇ ಹದ. ನಿಮ್ಮ ಕೈಗೆ ಈ ಹದ ಮೊದಲೇ ಗೊತ್ತಿದೆ. ಪಾಸ್ತಾ ಅಂದ ತಕ್ಷಣ ಅದನ್ನು ಮರೆತಿರಿ, ಅಷ್ಟೇ.

ಪ್ರಶ್ನೆ: ಎಷ್ಟು ಕುದಿಸಿದರೂ ನನ್ನ ಸಾಸ್ ಹುಳಿಯಾಗಿಯೇ ಇರುತ್ತದೆ. ಸಕ್ಕರೆ ಹಾಕಲಾ, ಸೋಡಾ ಹಾಕಲಾ, ಕೆಚಪ್ ಬೆರೆಸಲಾ? ಒಂದೊಂದು ಸಲ ಏನೋ ಲೋಹದ ರುಚಿಯೂ ಬರುತ್ತದೆ.
– ನಿವೃತ್ತ ಶಿಕ್ಷಕಿ, ಜಯನಗರ

ಲೋಹದ ರುಚಿ ಪಾತ್ರೆಯದು. ಅಲ್ಯೂಮಿನಿಯಂ ಬಾಣಲೆಯನ್ನೋ ಕಬ್ಬಿಣದ್ದನ್ನೋ ಬಳಸುತ್ತಿರಬೇಕು. ಹುಳಿ ಲೋಹವನ್ನು ತಿನ್ನುತ್ತದೆ. ನಮ್ಮ ಅಜ್ಜಿಯರು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಲು ಬಿಡುತ್ತಿರಲಿಲ್ಲ, ಕಾರಣ ಇದೇ. ನಾನೇ ಒಮ್ಮೆ ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆಯಲ್ಲಿ ಎರಡು ಕಿಲೋ ಸಾಸ್ ಕಾಯಿಸಿದ್ದೆ. ಸಾಸ್ ಕಪ್ಪಿಟ್ಟಿತು, ಬಾಣಲೆಯ ಹೊಳಪೂ ಹೋಯಿತು. ಅಂದಿನಿಂದ ಟೊಮೆಟೊಗೆ ದಪ್ಪ ತಳದ ಸ್ಟೀಲ್ ಮಾತ್ರ.

ಹುಳಿಗೆ ಬರೋಣ. ಸಕ್ಕರೆ ಹುಳಿಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ಅರ್ಧ ಚಮಚ ಹಾಕಿದರೆ ತಪ್ಪೇನಿಲ್ಲ. ಅಡುಗೆ ಸೋಡಾ ನಿಜಕ್ಕೂ ಹುಳಿಯನ್ನು ಕಡಿಮೆ ಮಾಡುತ್ತದೆ, ಹಾಕಿದ ಕೂಡಲೇ ಬುಸ್ಸೆಂದು ನೊರೆ ಬರುವುದು ಅದಕ್ಕೇ. ಆದರೆ ಒಂದು ಕಿಲೋಗೆ ಒಂದು ಚಿಟಿಕೆ ದಾಟಬಾರದು, ದಾಟಿದರೆ ಸೋಪಿನ ರುಚಿ. ನನ್ನ ದಾರಿ ಬೇರೆ. ಒಂದು ಕ್ಯಾರೆಟ್ ಸಣ್ಣಗೆ ತುರಿದು ಶುರುವಿನಲ್ಲೇ ಎಣ್ಣೆಯಲ್ಲಿ ಬಾಡಿಸುತ್ತೇನೆ, ಅದರ ಸಿಹಿ ಸಾಸ್‌ನಲ್ಲಿ ಕರಗಿಹೋಗುತ್ತದೆ. ಒಲೆ ಆರಿಸಿದ ಮೇಲೆ ಒಂದು ಚಮಚ ಬೆಣ್ಣೆ. ಹುಳಿಯ ಚುರುಕು ಮೆತ್ತಗಾಗುತ್ತದೆ.

ಕೆಚಪ್ ಬೇಡ. ಅದರಲ್ಲಿ ವಿನಿಗರ್ ಇರುತ್ತದೆ, ಹುಳಿಗೆ ಇನ್ನೊಂದು ಹುಳಿ ಸೇರಿದಂತೆ.

ಪ್ರಶ್ನೆ: ಬೇಸಿಲ್ ಬದಲು ತುಳಸಿ ಹಾಕಬಹುದಾ? ಕಟ್ಟೆಯ ತುಳಸಿ ಕೀಳಲು ಅತ್ತೆ ಒಪ್ಪುವುದಿಲ್ಲ, ಬೇರೆ ಕುಂಡದಲ್ಲಿ ಬೆಳೆಸಬಹುದು.
– ಓದುಗರು, ಬಸವನಗುಡಿ

ಅತ್ತೆಯವರ ಮಾತೇ ಇರಲಿ. ತುಳಸಿಯಲ್ಲಿ ಲವಂಗದ ಖಾರದ ವಾಸನೆ ಇದೆ, ಸಾಸ್ ಕಷಾಯದ ಹಾಗೆ ಘಮಿಸುತ್ತದೆ. ಬೇಸಿಲ್ ತುಳಸಿಯ ಹತ್ತಿರದ ಸಂಬಂಧಿ, ಆದರೆ ಬೇರೆ ಗಿಡ. ನಮ್ಮಲ್ಲಿ ಅದಕ್ಕೆ ಚಂದದ ಹೆಸರೇ ಇದೆ, ಕಾಮಕಸ್ತೂರಿ. ಬೇಸಿಗೆಯಲ್ಲಿ ಪಾನಕಕ್ಕೆ, ಫಲೂದಾಕ್ಕೆ ನೆನೆಸಿ ಹಾಕುವ ಕಪ್ಪು ಬೀಜ ಇದರದೇ. ಗ್ರಂಥಿಗೆ ಅಂಗಡಿಯ ಬೀಜವನ್ನು ಒಂದು ಹಿಡಿ ಮಣ್ಣಿಗೆ ಉದುರಿಸಿ ನೋಡಿ, ಎಷ್ಟೋ ಸಲ ಮೊಳೆಯುತ್ತದೆ. ಘಮ ಇಟಲಿಯ ತಳಿಗಿಂತ ಸ್ವಲ್ಪ ಬೇರೆ, ಆದರೂ ಸೊಗಸು. ಎಲೆ ಕೈಯಲ್ಲಿ ಹರಿದು, ಒಲೆ ಆರಿಸಿದ ಮೇಲೆ ಹಾಕಿ. ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹೋಗುತ್ತದೆ.

ಇನ್ನೊಂದು ಗಿಡ ನಿಮ್ಮ ಬಾಲ್ಕನಿಯಲ್ಲೇ ಇರಬಹುದು. ದೊಡ್ಡಪತ್ರೆ! ಪಿಜ್ಜಾದ ಮೇಲೆ ಉದುರಿಸುವ ಆರೆಗಾನೊದ ವಾಸನೆಗೂ ದೊಡ್ಡಪತ್ರೆಯ ವಾಸನೆಗೂ ಕಾರಣ ಒಂದೇ ಬಗೆಯ ಎಣ್ಣೆ, ಕಾರ್ವಕ್ರಾಲ್. ಎಲೆಯನ್ನು ಕಿವುಚಿ ಮೂಸಿ, ಆರೆಗಾನೊ ಪೊಟ್ಟಣವನ್ನೂ ಮೂಸಿ, ನಿಮಗೇ ತಿಳಿಯುತ್ತದೆ. ಒಂದು ಕಿಲೋಗೆ ಒಂದೇ ಎಲೆ, ಸಣ್ಣಗೆ ಹೆಚ್ಚಿ, ಟೊಮೆಟೊ ಜೊತೆಗೇ ಕುದಿಯಲು ಬಿಡಿ. ಎರಡಾದರೆ ತಂಬುಳಿಯ ನೆನಪು ಬರುತ್ತದೆ. ಹೂವಿನ ಜೊತೆ ಕಟ್ಟುವ ಮರುಗ ಕೂಡ ಆರೆಗಾನೊದ ಹತ್ತಿರದ ಬಳಗ. ಗಾಂಧಿ ಬಜಾರಿನಲ್ಲಿ ಮಾರುವ ಮರುಗವನ್ನು ಅಡುಗೆಗೆ ಬಳಸಬೇಡಿ. ಅದು ಮುಡಿಯಲು ಬೆಳೆದದ್ದು, ಔಷಧಿ ಹೊಡೆದಿರಬಹುದು. ನರ್ಸರಿಯಿಂದ ಗಿಡ ತಂದು ಬೆಳೆಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಸಾಸ್ ರುಚಿಯಾಗುತ್ತದಾ? ಚೀಸ್ ಹಾಕಬಹುದಾ?
– ಓದುಗರು, ಮಲ್ಲೇಶ್ವರ

ಖಂಡಿತ ಆಗುತ್ತದೆ. ಎಣ್ಣೆಗೆ ಕಡಲೆಕಾಳಿನಷ್ಟು ಇಂಗು, ತುರಿದ ಕ್ಯಾರೆಟ್, ಅರ್ಧ ಚಮಚ ಕಾಳುಮೆಣಸಿನ ಪುಡಿ. ಬೆಳ್ಳುಳ್ಳಿಯ ಜಾಗವನ್ನು ಇಂಗು ತುಂಬುತ್ತದೆ.

ಚೀಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊದಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಸಸ್ಯಾಹಾರ ಅಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿ ಕೊಳ್ಳಿ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್‌ನ ಚೀಸ್ ನಮ್ಮ ದೇಶದಲ್ಲಿ ಧಾರಾಳವಾಗಿ ಸಿಗುತ್ತದೆ.

ಪ್ರಶ್ನೆ: ಪಾಸ್ತಾ ಪೊಟ್ಟಣದಲ್ಲಿ 9 ನಿಮಿಷ ಅಂತ ಇದೆ. ಅಷ್ಟೇ ಬೇಯಿಸುತ್ತೇನೆ, ಒಳಗೆ ಗಟ್ಟಿ. ಸಾಸ್ ಕೂಡ ಪಾಸ್ತಾಗೆ ಹಿಡಿಯುವುದಿಲ್ಲ, ತಟ್ಟೆಯ ತಳದಲ್ಲಿ ನಿಲ್ಲುತ್ತದೆ.
– ಬಾಡಿಗೆ ರೂಮಿನ ಹುಡುಗ, ಮಾರತ್ತಹಳ್ಳಿ

ತಪ್ಪು ನಿಮ್ಮದಲ್ಲ, ಊರಿನದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಹೆಚ್ಚುಕಮ್ಮಿ 97ಕ್ಕೆ. ಒಂದೆರಡು ನಿಮಿಷ ಜಾಸ್ತಿ ಕೊಡಿ, ಒಂದು ತುಂಡು ಕಚ್ಚಿ ನೋಡಿ. 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, ಎರಡು ಚಿಕ್ಕ ಚಮಚ ಉಪ್ಪು.

ಬಸಿಯುವ ಮೊದಲು ಒಂದು ಲೋಟ ನೀರು ಎತ್ತಿಡಿ. ಅದು ಪಾಸ್ತಾದ ಗಂಜಿ. ಬಾಣಲೆಯಲ್ಲಿ ಬಿಸಿ ಸಾಸ್‌ಗೆ ಪಾಸ್ತಾ ಹಾಕಿ, ಅರ್ಧ ಸೌಟು ಗಂಜಿ ಹಾಕಿ ಜೋರು ಉರಿಯಲ್ಲಿ ಒಂದು ನಿಮಿಷ ಕೈಯಾಡಿಸಿ. ಗಂಜಿಯ ಪಿಷ್ಟ ಎಣ್ಣೆಯನ್ನೂ ರಸವನ್ನೂ ಒಟ್ಟಿಗೆ ಹಿಡಿದು ಪಾಸ್ತಾಗೆ ಅಂಟಿಸುತ್ತದೆ. ಬಸಿದ ಪಾಸ್ತಾವನ್ನು ತಣ್ಣೀರಲ್ಲಿ ತೊಳೆಯಬೇಡಿ, ಆ ಪಿಷ್ಟವೆಲ್ಲ ಸಿಂಕ್ ಪಾಲಾಗುತ್ತದೆ.

ಪ್ರಶ್ನೆ: ಟೊಮೆಟೊ ಅಗ್ಗವಾದಾಗ ಹೆಚ್ಚು ಮಾಡಿ, ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ತುಂಬಿಡಬಹುದಾ?
– ಓದುಗರು, ಯಲಹಂಕ

ಅಗ್ಗವಾದಾಗ ಮಾಡುವುದು ಬುದ್ಧಿವಂತಿಕೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ನಾವ್ಯಾರೂ ಮರೆತಿಲ್ಲ. ಬೆಲೆ ಬಿದ್ದಾಗ ಇದೇ ಹಣ್ಣನ್ನು ರೈತರು ರಸ್ತೆಗೆ ಸುರಿಯುವುದನ್ನೂ ನೋಡಿದ್ದೇವೆ, ಹೊಟ್ಟೆ ಉರಿಯುತ್ತದೆ. ಅಂಥ ವಾರದಲ್ಲಿ ಐದು ಕಿಲೋ ಜಾಸ್ತಿ ಕೊಳ್ಳಿ.

ಆದರೆ ಜಾಡಿಯಲ್ಲಿ ಹೊರಗಿಡುವುದು ಬೇಡವೇ ಬೇಡ. ಉಪ್ಪಿನಕಾಯಿಯನ್ನು ಕಾಯುವುದು ಅದರ ಉಪ್ಪು ಮತ್ತು ಹುಳಿ. ಸಾಸ್‌ನಲ್ಲಿ ಉಪ್ಪು ಕಡಿಮೆ. ಹುಳಿಯೂ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ, ಚೆನ್ನಾಗಿ ಮಾಗಿದ್ದರಲ್ಲಿ ಸಾಲದೇ ಹೋಗಬಹುದು. ಗಾಳಿಯಾಡದ ಜಾಡಿಯಲ್ಲಿ ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗಬಲ್ಲ ಕಾಯಿಲೆ ತರುವ ವಿಷ ಬೆಳೆದರೆ ನೋಡಿ, ಮೂಸಿ ಕಂಡುಹಿಡಿಯಲು ಆಗುವುದಿಲ್ಲ. ಫ್ರಿಜ್‌ನಲ್ಲಿ ನಾಲ್ಕು ದಿನ, ಫ್ರೀಜರ್‌ನಲ್ಲಿ ಮೂರು ತಿಂಗಳು. ಪೂರ್ತಿ ಆರಿದ ಮೇಲೆ ಒಂದು ಊಟಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗಳಿಗೆ ಹಾಕಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ಗಡ್ಡೆಕಟ್ಟುವಾಗ ಉಬ್ಬುತ್ತದೆ. ಕಾಮಕಸ್ತೂರಿ, ಬೆಣ್ಣೆ ಆಗ ಹಾಕಬೇಡಿ. ಬಳಸುವ ದಿನ ಬಿಸಿ ಮಾಡಿದ ಮೇಲೆ ಹಾಕಿ. ಡಬ್ಬಿಯ ಮೇಲೆ ತಾರೀಖು ಬರೆಯುವುದನ್ನು ಮರೆಯಬೇಡಿ.