ಉಪ್ಪಾಗೆ ಗೂಡು, ರಾಮಪತ್ರೆ ಕೊಯ್ಲು, ಪಂಚಾಯಿತಿಯ ಪಾಲು: ಓದುಗರ ಪ್ರಶ್ನೆಗೆ ಉತ್ತರ

ಪಶ್ಚಿಮ ಘಟ್ಟದ ಕಾಡು ಉತ್ಪನ್ನ, ಅದರ ಹೊರದೇಶದ ಮಾರುಕಟ್ಟೆ ಮತ್ತು ವಿದೇಶಿ ನೆರವಿನ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು.

ಪ್ರಶ್ನೆ: ಮಳೆಗಾಲದಲ್ಲಿ ಉಪ್ಪಾಗೆ (ಕಾಡಿನ ಹುಳಿ ಹಣ್ಣು) ಸಿಪ್ಪೆ ಒಣಗಿಸಲು ಎಷ್ಟು ಕಟ್ಟಿಗೆ ಇದ್ದರೂ ಸಾಲದು. ಒಲೆ ಮೇಲಿನ ತಟ್ಟಿಯಲ್ಲಿ ಒಣಗಿಸಿದರೆ ಹೊಗೆ ವಾಸನೆ ಎಂದು ವ್ಯಾಪಾರಿ ದರ ಇಳಿಸುತ್ತಾನೆ. ಸಂಘದಿಂದ ಗೂಡು ಕಟ್ಟಬೇಕೆಂದಿದ್ದೇವೆ. ಹೇಗೆ? (ಸಿದ್ದಾಪುರ ತಾಲ್ಲೂಕು)

ಉತ್ತರ: ಏಲಕ್ಕಿ ಒಣಗಿಸುವ ಗೂಡು ನೋಡಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬೆಂಕಿ ಗೂಡಿನ ಹೊರಗಿರಬೇಕು, ಹೊಗೆ ಕೊಳವೆಯೊಳಗೇ ಹರಿದು ಚಿಮಣಿಯಿಂದ ಆಚೆ ಹೋಗಬೇಕು, ಸಿಪ್ಪೆಗೆ ತಾಗುವುದು ಬಿಸಿಗಾಳಿ ಮಾತ್ರ. ಹತ್ತು ಹನ್ನೆರಡು ಮನೆಯವರ ಬಳಕೆಗೆ 6 ಅಡಿ ಉದ್ದ, 4 ಅಡಿ ಅಗಲ, 7 ಅಡಿ ಎತ್ತರದ ಚಿರೇಕಲ್ಲಿನ ಗೂಡಿನಿಂದ ಶುರು ಮಾಡಿ. 8 ಇಂಚು ವ್ಯಾಸದ ತಗಡಿನ ಕೊಳವೆ ನೆಲದ ಮೇಲೆ ಒಂದು ಸುತ್ತು ಬರಲಿ, ಚಿಮಣಿಯ ಕಡೆಗೆ ತುಸು ಏರಿಕೆ ಇರಲಿ. ಕೊಳವೆಗೂ ಕೆಳಗಿನ ತಟ್ಟಿಗೂ ಕನಿಷ್ಠ 2 ಅಡಿ ಅಂತರ ಬಿಡಿ, ಇಲ್ಲದಿದ್ದರೆ ಕೆಳಗಿನದು ಕರಕಲಾಗುತ್ತದೆ. ಅದರ ಮೇಲೆ 8 ಇಂಚಿಗೊಂದರಂತೆ ಐದು ತಟ್ಟಿ ಕೂರುತ್ತವೆ. ಸಿಪ್ಪೆಯನ್ನು ಒಂದೇ ಪದರ ಹರಡಿದರೆ ಒಂದು ಸಲಕ್ಕೆ ಸುಮಾರು 60 ಕೆ.ಜಿ. ಹಸಿ ಹಿಡಿಸುತ್ತದೆ.

ಹೆಚ್ಚಿನ ಗೂಡುಗಳು ಸೋಲುವುದು ಬೆಂಕಿಯಲ್ಲಲ್ಲ, ಗಾಳಿಕಿಂಡಿಯಲ್ಲಿ. ಕೆಳಗೆ ಗಾಳಿ ಒಳಬರುವ ಕಿಂಡಿಗಳಿಗಿಂತ ಮೇಲಿನ ಕಿಂಡಿ ಚಿಕ್ಕದಾಗಿದ್ದರೆ ಹಬೆ ಒಳಗೇ ನಿಂತು, ಮೇಲಿನ ಎರಡು ತಟ್ಟಿ ಬೆಂದು ಕಪ್ಪಾಗುತ್ತವೆ. ಶಾಖ ಉಳಿಸುತ್ತೇವೆಂದು ಮೇಲಿನ ಕಿಂಡಿಗೆ ಗೋಣಿ ತುರುಕುವವರಿದ್ದಾರೆ. ಕಟ್ಟಿಗೆ ಹೆಚ್ಚು ಸುಡುವುದು ಆಗಲೇ.

ತಾಪಮಾನ ಮೊದಲ ಕೆಲವು ಗಂಟೆ 60 ಡಿಗ್ರಿ, ಆಮೇಲೆ 50 ಸಾಕು. ಮಧ್ಯದ ತಟ್ಟಿಯ ಮಟ್ಟದಲ್ಲಿ ಥರ್ಮಾಮೀಟರ್ ತೂಗಿಬಿಡಿ. ಮೊದಲಿಗೇ 70 ದಾಟಿಸಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ. ತೂಕಕ್ಕೆ ಹಾಕುವಾಗ ಚೆನ್ನಾಗಿ ಕಂಡದ್ದು ಚೀಲದಲ್ಲಿ ವಾರದೊಳಗೆ ಬೂಸ್ಟು ಹಿಡಿಯುವುದು ಇದರಿಂದಲೇ. ಮೂರ್ನಾಲ್ಕು ಗಂಟೆಗೊಮ್ಮೆ ಮೇಲಿನ ತಟ್ಟಿ ಕೆಳಗೆ, ಕೆಳಗಿನದು ಮೇಲೆ ಬದಲಿಸಿ. ಸಿಪ್ಪೆ ಮಡಚಿದರೆ ಚರ್ಮದಂತೆ ಬಾಗಬೇಕು, ಉಗುರಿನಿಂದ ಒತ್ತಿದರೆ ರಸ ಒಸರಬಾರದು. ಇಳಿಸಿದ್ದನ್ನು ಆರಿಸಿ, ಒಂದು ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೆಳಿಗ್ಗೆ ಚೀಲದ ಒಳಮೈಯಲ್ಲಿ ಹನಿ ಕಂಡರೆ ಮತ್ತೆ ಗೂಡಿಗೆ.

ತಟ್ಟಿ ಬಿದಿರಿನದೋ ಸ್ಟೀಲಿನದೋ ಆಗಿರಲಿ. ಅಗ್ಗಕ್ಕೆ ಸಿಗುವ ಸತು ಲೇಪದ ಜಾಲರಿ ಬೇಡವೇ ಬೇಡ: ಉಪ್ಪಾಗೆಯ ಹುಳಿ ಸತುವನ್ನು ಕರಗಿಸಿ ಸಿಪ್ಪೆಗೆ ಸೇರಿಸುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ತುಂಬಿಡುವುದೂ ತಪ್ಪು. ಸಾರ ತೆಗೆಯುವ ಕಂಪನಿಗೆ ಮಾರುವುದಾದರೆ ಉಪ್ಪು ಸವರಬೇಡಿ. ಕೇರಳದ ಮೀನು ಸಾರಿನ ಗಿರಾಕಿಗೆ ಹೊಗೆಯಾಡಿದ ಮಾಲೇ ಇಷ್ಟ, ಆದ್ದರಿಂದ ಯಾರಿಗೆ ಮಾರುತ್ತೀರೆಂದು ಮೊದಲೇ ನಿರ್ಧರಿಸಿ. ಬೀಜವನ್ನು ಒಲೆಗೆ ಎಸೆಯಬೇಡಿ, ಅದರಿಂದ ತೆಗೆಯುವ ಉಪ್ಪಾಗೆ ತುಪ್ಪಕ್ಕೆ ಕೊಳ್ಳುವವರು ನಿಮ್ಮ ಸೀಮೆಯಲ್ಲೇ ಇದ್ದಾರೆ.

ಪ್ರಶ್ನೆ: ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗೆ ಉಪ್ಪಾಗೆ ಬೇಕಂತೆ. ಬೆಟ್ಟದಲ್ಲಿ 200 ಸಸಿ ಹಾಕಲೇ? (ಹೊನ್ನಾವರ)

ಉತ್ತರ: ಆ ಮಾತ್ರೆಯೊಂದನ್ನೇ ನೆಚ್ಚಿ ಹಾಕಬೇಡಿ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆಂಬ ಪ್ರಚಾರದಿಂದಲೇ 1990ರ ದಶಕದಲ್ಲಿ ಬೇಡಿಕೆ ಏರಿತು. ಆದರೆ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ 12 ವಾರದ ಪರೀಕ್ಷೆಯಲ್ಲಿ, ಅದನ್ನು ತಿಂದವರಿಗೂ ಹುಸಿ ಗುಳಿಗೆ ತಿಂದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಬೇಡಿಕೆ ಟಿವಿ ಜಾಹೀರಾತಿನ ಜೊತೆ ಏರಿ ಇಳಿಯುತ್ತದೆ, ಮರ ಮಾತ್ರ ದಶಕಗಟ್ಟಲೆ ನಿಲ್ಲುತ್ತದೆ. ಅಡುಗೆಯ ಹುಳಿಗೆ, ತುಪ್ಪಕ್ಕೆ ಎಂದು ಹಾಕುವುದಾದರೆ ಸಂತೋಷ.

ಬೀಜದ ಸಸಿ ಫಲಕ್ಕೆ ಬರಲು 10ರಿಂದ 12 ವರ್ಷ ಬೇಕು, ಅದರಲ್ಲೂ ಅರ್ಧಕ್ಕರ್ಧ ಗಂಡು ಮರಗಳಾಗುತ್ತವೆ. ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೇ ಕಾಯಿ ಬಿಡುತ್ತದೆ. ಕೊಳ್ಳುವಾಗ ಒಂದು ವಿಷಯ ನೋಡಿ: ಅಡ್ಡ ರೆಂಬೆಯ ಕುಡಿಯಿಂದ ಕಟ್ಟಿದ ಕಸಿ ಎಷ್ಟು ವರ್ಷವಾದರೂ ಅಡ್ಡಡ್ಡವೇ ಹರಡುತ್ತದೆ. ನೇರ ಮೇಲೇರುವ ಚಿಗುರಿನಿಂದ ಕಟ್ಟಿದ್ದನ್ನೇ ಕೇಳಿ ಪಡೆಯಿರಿ. ಹಾಗೆಯೇ, ಕಾಯಿ ಬಿಡುವುದಿಲ್ಲವೆಂದು ಬೆಟ್ಟದ ಗಂಡು ಮರಗಳನ್ನು ಸೌದೆಗೆ ಕಡಿದರೆ ಹೆಣ್ಣು ಮರದ ಫಸಲೂ ಕೆಳಗಿಳಿಯುತ್ತದೆ.

ಪ್ರಶ್ನೆ: ರಾಮಪತ್ರೆ (ಜಾಯಿಕಾಯಿ ಜಾತಿಯ ಕಾಡು ಮರದ ಬೀಜ ಸುತ್ತಿದ ಪತ್ರೆ) ಎಷ್ಟು ಕೊಯ್ದರೆ ಕಾಡಿಗೆ ತೊಂದರೆಯಿಲ್ಲ? (ಶಿರಸಿ)

ಉತ್ತರ: ಎಲ್ಲ ಕಾಡಿಗೂ ಹೊಂದುವ ಒಂದು ಅಂಕಿ ಇಲ್ಲ. ಕಾಡು ಉತ್ಪನ್ನದ ಕೊಯ್ಲಿಗಿರುವ ಫೇರ್‌ವೈಲ್ಡ್ ಎಂಬ ಅಂತರರಾಷ್ಟ್ರೀಯ ಮಾನದಂಡ ಕೇಳುವುದೂ ಅಂಕಿಯನ್ನಲ್ಲ, ಲೆಕ್ಕವನ್ನು: ಎಷ್ಟು ಮರ, ಎಷ್ಟು ಕೊಯ್ಲು, ಎಷ್ಟು ಹೊಸ ಸಸಿ. ಮಹಾರಾಷ್ಟ್ರದ ಭೀಮಾಶಂಕರದ ಕಡೆ ಮಹಾದೇವ ಕೋಳಿ ಸಮುದಾಯದವರು ಅಳಲೆ, ತಾರೆ ಕಾಯಿಗೆ ಈ ಪ್ರಮಾಣಪತ್ರ ಪಡೆದು ಇಂಗ್ಲೆಂಡಿನ ಚಹಾ ಕಂಪನಿಯೊಂದಕ್ಕೆ ಮಾರಿದ್ದು ನಮ್ಮ ಘಟ್ಟದ್ದೇ ಉದಾಹರಣೆ. ಅಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುವ ದೊಡ್ಡ ತಾರೆ ಮರಗಳು ಉಳಿದದ್ದೂ ಕಾಯಿಗೆ ಬೆಲೆ ಬಂದದ್ದಕ್ಕೆ.

ನೀವು ಮಾಡಬಹುದಾದದ್ದು ಇಷ್ಟು. ಕೊಯ್ಯುವ ಮರಗಳಿಗೆ ನಂಬರು ಹಾಕಿ. ಅವುಗಳ ಕೆಳಗೆ 10 ಮೀಟರ್ ಚೌಕದ ಐದಾರು ಜಾಗ ಗುರುತಿಸಿ, ಪ್ರತಿವರ್ಷ ಒಂದೇ ತಿಂಗಳಲ್ಲಿ ಮೊಣಕಾಲೆತ್ತರದೊಳಗಿನ ಮತ್ತು ಅದಕ್ಕಿಂತ ಎತ್ತರದ ಸಸಿಗಳನ್ನು ಬೇರೆ ಬೇರೆ ಎಣಿಸಿ ಬರೆದಿಡಿ. ಮೂರು ವರ್ಷ ಸತತವಾಗಿ ಸಣ್ಣ ಸಸಿ ಇಳಿದರೆ ಆ ಪಟ್ಟಿಯ ಅರ್ಧ ಮರಗಳನ್ನು ಮುಟ್ಟದೆ ಬಿಡಿ. ಕಾಯಿ ಒಡೆದು ಪತ್ರೆ ಕೆಂಪಗೆ ಕಂಡ ಮೇಲೇ ದೋಟಿಯಿಂದ ಇಳಿಸಿ, ಕೊಂಬೆ ಕಡಿಯಬೇಡಿ. ಬೇರೆಯವರು ಮೊದಲು ಕೊಯ್ದುಬಿಡುತ್ತಾರೆಂಬ ಭಯದಿಂದ ಎಳೆಗಾಯಿ ಕೀಳುವುದೇ ಇಲ್ಲಿ ದೊಡ್ಡ ರೋಗ. ಎಳೆಯದರ ಪತ್ರೆ ಪೇಲವ, ತೂಕವೂ ಕಡಿಮೆ, ಬೀಜವಂತೂ ಹುಟ್ಟುವುದೇ ಇಲ್ಲ. ಆದ್ದರಿಂದ ಮರಗಳನ್ನು ಮನೆವಾರು ಹಂಚಿಕೊಂಡು, ಕೊಯ್ಲಿನ ತಾರೀಕನ್ನು ಊರವರೇ ಸಭೆಯಲ್ಲಿ ಗೊತ್ತುಮಾಡಿ. ಪತ್ರೆ ಬಿಡಿಸಿದ ಬೀಜ ಒಣಗಿದರೆ ಸತ್ತಂತೆ. ಕೆಲವೇ ದಿನಗಳೊಳಗೆ ನೆರಳಿನ, ತೇವದ ಜಾಗದಲ್ಲಿ ಊರಿ.

ಪ್ರಶ್ನೆ: ನಮ್ಮ ಕಾಡಿನ ಮಾಲು ಕಂಪನಿಯ ಮೂಲಕ ಹೊರದೇಶಕ್ಕೆ ಹೋಗುತ್ತದೆ. ಪಂಚಾಯಿತಿಗೆ ಪಾಲು ಬರಬೇಕಲ್ಲವೇ? (ಸಾಗರ ತಾಲ್ಲೂಕು)

ಉತ್ತರ: ಬರಬೇಕು. 1992ರ ಜೀವವೈವಿಧ್ಯ ಒಪ್ಪಂದ, 2014ರಲ್ಲಿ ಜಾರಿಗೆ ಬಂದ ನಗೋಯಾ ಒಡಂಬಡಿಕೆ ಎರಡಕ್ಕೂ ಭಾರತ ಸಹಿ ಹಾಕಿದೆ. ಜೀವಸಂಪತ್ತಿನಿಂದ ಬಂದ ಲಾಭದಲ್ಲಿ ಅದನ್ನು ಕಾಪಾಡಿದವರಿಗೂ ಪಾಲು ಸಿಗಬೇಕೆಂಬುದು ಅವುಗಳ ಆಶಯ; ನಮ್ಮ 2002ರ ಜೀವವೈವಿಧ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ವಿದೇಶಿ ಕಂಪನಿ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು, ದೇಶೀ ಕಂಪನಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ದೇಶೀ ಕಂಪನಿಯೂ ಲಾಭದ ಪಾಲು ಕೊಡಬೇಕೆಂದು ಆಯುರ್ವೇದ ಔಷಧಿ ತಯಾರಿಸುವ ದಿವ್ಯ ಫಾರ್ಮಸಿಯ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಹೇಳಿದೆ. ಕೇಂದ್ರದ ಪಟ್ಟಿಯಲ್ಲಿರುವ ಸಾಮಾನ್ಯ ವ್ಯಾಪಾರದ ಸರಕನ್ನು ಸರಕಾಗಿಯೇ ಮಾರಿದರೆ ವಿನಾಯಿತಿ ಇದೆ.

ಹಣ ಬಾರದಿರಲು ಕಾರಣ ಹೆಚ್ಚಾಗಿ ಊರಿನ ಕಾಗದದಲ್ಲೇ ಇರುತ್ತದೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಹೆಸರಿಗಿದೆ, ಬ್ಯಾಂಕ್ ಖಾತೆ ಇಲ್ಲ. ಊರಿನ ಗಿಡಮರ, ಪ್ರಾಣಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಪಕ್ಕದ ಊರಿನದರ ನಕಲು. ಯಾವ ಮಾಲು ಯಾವ ಕಾಡಿನಿಂದ ಎಷ್ಟು ಕ್ವಿಂಟಲ್ ಹೋಯಿತೆಂಬುದಕ್ಕೆ ಚೀಟಿಯಿಲ್ಲ. ತಾರೀಕು, ಮಾಲು, ತೂಕ, ಕೊಂಡವರು, ಲಾರಿ ನಂಬರು: ಐದು ಕಾಲಂನ ಪುಸ್ತಕ ಇಂದೇ ಶುರು ಮಾಡಿ.

ಇನ್ನೊಂದು ಎಚ್ಚರ. 2023ರ ತಿದ್ದುಪಡಿಯಲ್ಲಿ ಬೆಳೆಸಿದ ಔಷಧಿ ಗಿಡಗಳಿಗೆ ವಿನಾಯಿತಿ ಸಿಕ್ಕಿದೆ, ಅದಕ್ಕೆ ಮೂಲದ ಪ್ರಮಾಣಪತ್ರ ಕೊಡುವುದು ನಿಮ್ಮ ಸಮಿತಿಯೇ. ಕಾಡಿನ ಮಾಲನ್ನು ತೋಟದ್ದೆಂದು ತೋರಿಸಲು ಯಾರಾದರೂ ಬಂದಾರು. ಸರ್ವೆ ನಂಬರು, ಗಿಡಗಳ ಸಂಖ್ಯೆ ನೋಡದೆ ಸಹಿ ಹಾಕಬೇಡಿ.

ಪ್ರಶ್ನೆ: ತುಡುವೆ ಜೇನುತುಪ್ಪ ರಫ್ತು ಮಾಡಬಹುದೇ? (ಮಡಿಕೇರಿ)

ಉತ್ತರ: ಸಣ್ಣ ಸಂಘ ರಫ್ತಿಗೆ ಇಳಿಯುವುದು ಬೇಡ. ನೀರಿನಂಶ ಶೇ 20 ಮೀರಬಾರದು. ಮಲೆನಾಡಿನ ತುಡುವೆ ತುಪ್ಪ ಇದನ್ನು ಸುಲಭವಾಗಿ ದಾಟುತ್ತದೆ. ಮುಕ್ಕಾಲು ಕಣ್ಣು ಮುಚ್ಚಿದ ಎರಿಯಿಂದಷ್ಟೇ ತೆಗೆದು, ನೀರಿನಂಶ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆದು ಊರ ಹೆಸರಲ್ಲೇ ಮಾರಿ. ನೀರು ಇಳಿಸಲು ಕಾಯಿಸಿದರೆ ಪ್ರಯೋಗಾಲಯದಲ್ಲಿ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಗೂಡು ಕಟ್ಟಲು ವಿದೇಶಿ ನೆರವು ನಮ್ಮ ಸಂಘಕ್ಕೆ ನೇರ ಬರಬಹುದೇ? (ಯಲ್ಲಾಪುರ)

ಉತ್ತರ: ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಬರುವುದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತಾನು ಪಡೆದದ್ದನ್ನು ನಿಮಗೆ ದಾಟಿಸುವಂತಿಲ್ಲ. ವಿಶ್ವಸಂಸ್ಥೆಯ ಹಣವನ್ನು ಈ ಕಾಯ್ದೆ ವಿದೇಶಿ ಮೂಲವೆಂದು ಎಣಿಸುವುದಿಲ್ಲ. ಹಾಗಾಗಿ ಜಾಗತಿಕ ಪರಿಸರ ನಿಧಿಯಿಂದ ಯುಎನ್‌ಡಿಪಿ (ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ) ನಡೆಸುವ ಸಣ್ಣ ಅನುದಾನ ಕಾರ್ಯಕ್ರಮ ನಿಮಗೆ ಹತ್ತಿರದ ದಾರಿ. ಊರಿನ ಪಾಲನ್ನು ಶ್ರಮ, ಕಲ್ಲು, ಜಾಗದ ರೂಪದಲ್ಲೂ ತೋರಿಸಬಹುದು.

ಅರ್ಜಿಗೆ ಮೊದಲು ಒಂದು ಹಂಗಾಮು ಈಗಿನ ಒಲೆಯಲ್ಲೇ ಕಟ್ಟಿಗೆ ತೂಗಿ: ಒಂದು ಕೆ.ಜಿ. ಒಣ ಸಿಪ್ಪೆಗೆ ಎಷ್ಟು ಕಟ್ಟಿಗೆ ಎಂಬ ನಿಮ್ಮ ಅಂಕಿಯಿದ್ದರೆ ಪರಿಶೀಲಿಸುವವರಿಗೆ ಬೇರೆ ಭಾಷಣ ಬೇಡ. ಗೂಡು ಯಾರ ಜಾಗದಲ್ಲಿ, ಯಾರ ಹೆಸರಲ್ಲಿ ಎಂಬುದನ್ನು ಠರಾವಿನಲ್ಲಿ ಬರೆಸಿ. ಬಳಸುವವರಿಂದ ಕೆ.ಜಿ. ಲೆಕ್ಕದಲ್ಲಿ ಬಾಡಿಗೆ ಪಡೆದು ಬೇರೆ ಖಾತೆಯಲ್ಲಿಡಿ. ತಗಡಿನ ಕೊಳವೆ ಕೆಲವು ಮಳೆಗಾಲಕ್ಕೇ ತೂತು ಬೀಳುತ್ತದೆ, ಅಷ್ಟರಲ್ಲಿ ಯೋಜನೆಯ ಅವಧಿ ಮುಗಿದಿರುತ್ತದೆ.