ಡಾಕ್ಟ್ರ ಬದಲು ನರ್ಸ್ ಪ್ರಾಕ್ಟೀಷನರ್ ಸಿಕ್ಕಿದರೆ ಹೋಗಬಹುದಾ?

ತಂಗೀ, ನಿನ್ನ ಪ್ರಶ್ನೆ ಓದಿದೆ. ನಮ್ಮ ಕಾಸರಗೋಡಿನ ಪೆರ್ಲದಿಂದ ಅಮೆರಿಕದ ಸಿಯಾಟಲ್‌ಗೆ ಬರುವಾಗ ತಂದ ಥೈರಾಯ್ಡ್ ಮಾತ್ರೆ ಮುಗಿಯುತ್ತಾ ಬಂದಿದೆ. ಕ್ಲಿನಿಕ್‌ನಲ್ಲಿ ಡಾಕ್ಟ್ರನ್ನು ನೋಡಲು ಎರಡು ತಿಂಗಳು ಕಾಯಬೇಕು, ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ಓದು ಮಾಡಿ ತಾವೇ ಕಾಯಿಲೆ ನೋಡಿ ಮದ್ದು ಬರೆಯುವ ನರ್ಸ್) ಆದರೆ ಮುಂದಿನ ವಾರವೇ ಸಿಗುತ್ತಾರೆ. ಊರಿನಿಂದ ಅಮ್ಮ "ನರ್ಸಿಗೆ ತೋರಿಸಲು ಅಷ್ಟು ದೂರ ಹೋಗಬೇಕಿತ್ತಾ? ಡಾಕ್ಟ್ರೇ ಬೇಕು ಅಂತ ಹೇಳು" ಅನ್ನುತ್ತಿದ್ದಾರೆ. ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀ.

ಹೋಗು. ಧೈರ್ಯವಾಗಿ ಹೋಗು. ಮಾತ್ರೆ ಬಿಟ್ಟು ಎರಡು ತಿಂಗಳು ಕೂರುವುದು ಮಾತ್ರ ಬೇಡ.

ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ಜ್ವರ ನಾಲ್ಕು ದಿನ ಇಳಿಯದಿದ್ದರೆ ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಮಂಗಳೂರಿಗೆ ಓಡುವವರು ನಾವು. ಬೋರ್ಡಿನಲ್ಲಿ ಎಂ.ಡಿ. ಇದೆಯಾ, ಡಿ.ಎಂ. ಇದೆಯಾ ಅಂತ ನೋಡಿಯೇ ಟೋಕನ್ ತೆಗೆದುಕೊಳ್ಳುವುದು. 2020ರಲ್ಲಿ ಕೊರೋನಾ ಬಂದು ಆ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಕಷ್ಟವನ್ನು ನಾನು ನಿನಗೆ ಹೇಳಬೇಕಾಗಿಲ್ಲ. ದೊಡ್ಡ ಡಾಕ್ಟ್ರು ಸಿಕ್ಕಿದರೆ ಮಾತ್ರ ಜೀವ ಉಳಿಯುತ್ತದೆ ಅನ್ನುವ ಭಯ ಸುಮ್ನೆ ಬಂದದ್ದಲ್ಲ.

ಆದರೆ ನರ್ಸನ್ನು ನಂಬುವುದು ನಮಗೆ ಹೊಸತಾ? ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ ನೀತಿ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿ, ಬಂತು. ಆಮೇಲೆ ಪಂಚಾಯತಿನ ನರ್ಸ್ ಮನೆಮನೆಗೆ ಬರುವುದನ್ನು ನೀನೂ ನೋಡಿರುತ್ತೀ. ಹಾಸಿಗೆ ಹಿಡಿದ ಅಜ್ಜನ ಟ್ಯೂಬ್ ಬದಲಿಸುವವರು, ಹುಣ್ಣು ತೊಳೆದು ಕಟ್ಟುವವರು, ನೋವು ಹೇಗಿದೆ ಅಂತ ಕೂತು ಕೇಳುವವರು ಅವರೇ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ಮಕ್ಕಳಿರುವ ಮನೆಗಳಲ್ಲಿ ಅವರ ದಾರಿ ಕಾಯುತ್ತಾರೆ. ಡಾಕ್ಟ್ರು ಎಲ್ಲಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ? ಅಮ್ಮನಿಗೆ ಇದನ್ನೇ ನೆನಪಿಸು. ಊರಿನ ಆ ನರ್ಸ್ ತಾವೇ ಕಾಯಿಲೆ ಗುರುತಿಸಿ ಮದ್ದು ಬರೆದುಕೊಡುವ ಹಾಗಿಲ್ಲ. ಇಲ್ಲಿನ ನರ್ಸ್ ಪ್ರಾಕ್ಟೀಷನರಿಗೆ ಅದಕ್ಕೆ ಬೇಕಾದ ಓದೂ ಇದೆ, ಅಧಿಕಾರವೂ ಇದೆ.

ಈ ಕೆಲಸ ಶುರುವಾದದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟ್ರು ಸೇರಿ ಮಾಡಿದ್ದು. ಈಗ ಮೊದಲು ನರ್ಸಿಂಗ್ ಓದಿ ಲೈಸೆನ್ಸ್ ಪಡೆಯಬೇಕು, ಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಾಡಬೇಕು, ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಅವರ ಹೆಸರಿನ ಮುಂದೆ ಎ.ಆರ್.ಎನ್.ಪಿ. ಅಂತ ಇರುತ್ತದೆ. ಡಾಕ್ಟ್ರ ಸಹಿ ಇಲ್ಲದೆಯೇ ಅವರು ಇಲ್ಲಿ ಚಿಕಿತ್ಸೆ ಕೊಡಬಹುದು. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಮದ್ದು ಬರೆಯಲು ಡಾಕ್ಟ್ರ ಜೊತೆ ಒಪ್ಪಂದ ಇರಬೇಕು. ಹಾಗಾಗಿ ಬೇರೆ ರಾಜ್ಯದ ಗೆಳತಿಯರು ಹೇಳಿದ್ದನ್ನು ಇಲ್ಲಿಗೆ ಹೊಂದಿಸಬೇಡ.

ಡಾಕ್ಟ್ರ ತರಬೇತಿ ಇದಕ್ಕಿಂತ ತುಂಬಾ ಉದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನನಿತ್ಯದ ಕಾಯಿಲೆಗಳಲ್ಲಿ ರೋಗಿಗೆ ವ್ಯತ್ಯಾಸ ಆಗುತ್ತದಾ? ನ್ಯೂಯಾರ್ಕಿನಲ್ಲಿ ಸಾವಿರಕ್ಕಿಂತ ಜಾಸ್ತಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಬ್ಬರನ್ನು ಡಾಕ್ಟ್ರ ಬಳಿಗೆ, ಇನ್ನೊಬ್ಬರನ್ನು ನರ್ಸ್ ಪ್ರಾಕ್ಟೀಷನರ್ ಬಳಿಗೆ ಕಳಿಸಿ ನೋಡಿದ್ದರು. 2000ದಲ್ಲಿ ಅದು ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಗುಂಪಿನವರ ಆರೋಗ್ಯ ಹೆಚ್ಚುಕಡಿಮೆ ಒಂದೇ. ಅವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ಸಮುದಾಯದವರು, ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳುವುದು ಸುಲಭವಲ್ಲದವರೂ ಇದ್ದರು. ನನಗೆ ಮುಖ್ಯ ಅನ್ನಿಸುವುದು ಇದೇ. ನಿಧಾನವಾಗಿ ಕೇಳಿಸಿಕೊಳ್ಳುವವರು ನಮ್ಮಂಥವರಿಗೆ ಬೇಕು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗಲೂ ನರ್ಸ್‌ಗಳು ರೋಗಿಯ ಜೊತೆ ಸ್ವಲ್ಪ ಜಾಸ್ತಿ ಹೊತ್ತು ಕಳೆಯುತ್ತಾರೆ ಅಂತಲೇ ಕಂಡಿದೆ.

ಹೋದ ದಿನ ಒಂದು ಗೊಂದಲ ಆಗಬಹುದು. ಮೊದಲು ಒಳಗೆ ಕರೆದು ತೂಕ, ಬಿಪಿ ನೋಡುವವರು ಮೆಡಿಕಲ್ ಅಸಿಸ್ಟೆಂಟ್. ಅವರನ್ನೇ ನರ್ಸ್ ಪ್ರಾಕ್ಟೀಷನರ್ ಅಂದುಕೊಂಡು "ಅವರಿಗೆ ಏನೂ ಗೊತ್ತಿಲ್ಲ" ಅಂತ ಬಂದು ಹೇಳುವವರಿದ್ದಾರೆ. ನೀನು ನೋಡಬೇಕಾದವರು ಆಮೇಲೆ ಬಾಗಿಲು ತಟ್ಟಿ ಬರುತ್ತಾರೆ.

ಮಂಗಳೂರಿನ ಹಳೆಯ ರಕ್ತಪರೀಕ್ಷೆಯ ರಿಪೋರ್ಟ್ ತೆಗೆದುಕೊಂಡು ಹೋಗು. ಮಾತ್ರೆಯ ಸ್ಟ್ರಿಪ್ಪೂ ಇರಲಿ. ಥೈರೋನಾರ್ಮ್ ಅಂತ ಊರಿನ ಬ್ರಾಂಡ್ ಹೆಸರು ಹೇಳಿದರೆ ಇಲ್ಲಿ ತಿಳಿಯಲಿಕ್ಕಿಲ್ಲ, ಅದರಲ್ಲಿರುವ ಮದ್ದು ಲೆವೊಥೈರಾಕ್ಸಿನ್ ಎಷ್ಟು ಮೈಕ್ರೋಗ್ರಾಂ ಅಂತ ಹೇಳು. ಅವರು ಟಿ.ಎಸ್.ಎಚ್. ಪರೀಕ್ಷೆ, ಅಂದರೆ ಮಾತ್ರೆಯ ಡೋಸ್ ಸರಿಯಿದೆಯಾ ಅಂತ ತಿಳಿಸುವ ರಕ್ತಪರೀಕ್ಷೆ, ಮಾಡಿಸುತ್ತಾರೆ. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಇದರಲ್ಲಿ ಡಾಕ್ಟ್ರೇ ಮಾಡಬೇಕಾದದ್ದು ಏನೂ ಇಲ್ಲ.

ಕುತ್ತಿಗೆಯಲ್ಲಿ ಗಂಟು ಕಂಡರೆ, ಡೋಸ್ ಬದಲಿಸಿದರೂ ಸರಿಯಾಗದಿದ್ದರೆ, "ಇದನ್ನು ಸ್ಪೆಷಲಿಸ್ಟ್ ನೋಡಬೇಕಾ?" ಅಂತ ನೇರ ಕೇಳು. ಕೇಳಿದರೆ ಇಲ್ಲಿ ಯಾರೂ ಬೇಸರಪಡುವುದಿಲ್ಲ. ಒಳ್ಳೆಯ ನರ್ಸ್ ಪ್ರಾಕ್ಟೀಷನರ್ ನೀನು ಕೇಳುವ ಮೊದಲೇ ಕಳಿಸುತ್ತಾರೆ. ಅವರ ಮಾತು ನಿನಗೆ ಹಿಡಿಸದಿದ್ದರೆ ಮುಂದಿನ ಸಲ ಬೇರೆಯವರನ್ನು ಆರಿಸಿಕೋ, ಅದು ನಿನ್ನ ಹಕ್ಕು.

ಇನ್ನೊಂದು. ಮಗುವಿನ ಯೋಚನೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡು, ಸಂಕೋಚ ಬೇಡ. ಬಸುರಿಯಾದರೆ ಥೈರಾಯ್ಡ್ ಮಾತ್ರೆಯ ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ, ಅದೂ ಬೇಗನೆ.