ಅಮೃತ ಎನ್ನುವ ಮೊದಲು

ಹೊಳಲ್ಕೆರೆಯ ಲೇಖಕಿಗೆ ನಮಸ್ಕಾರ.

‘ಪಾಲಿಅಮೈನ್: ದೀರ್ಘಾಯುಷ್ಯದ ಅಮೃತ’ ಎಂಬ, ಜೀವಕೋಶಗಳಲ್ಲಿರುವ ಪುಟ್ಟ ಅಣುಗಳ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ, ಕೈಬಿಡಲೂ ಮನಸ್ಸಿಲ್ಲ.

‘ದೇಹವೆಂಬ ಅದ್ಭುತ ಯಂತ್ರ’ದ ಮೊದಲ ಪುಟ ಪೂರ್ತಿ ಹೋಗಲಿ. ನಿಮ್ಮ ಆರಂಭ ಮೂರನೆಯ ಪುಟದಲ್ಲಿದೆ: 1678ರ ಹೊತ್ತಿಗೆ ಡಚ್ ವಿಜ್ಞಾನಿ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡ ಹರಳುಗಳು. ಅವು ಸ್ಪರ್ಮೈನ್ ಎಂಬ ಪಾಲಿಅಮೈನ್‌ನ ಹರಳುಗಳೆಂದು ತಿಳಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವು ಕಂಡದ್ದು ‘ದೇಹದ್ರವ’ದಲ್ಲಿ ಎಂದು ಸಂಕೋಚಪಟ್ಟಿದ್ದೀರಿ. ವೀರ್ಯ ಎಂದೇ ಬರೆಯಿರಿ. ಋಣ ವಿದ್ಯುದಂಶದ ಡಿಎನ್‌ಎಯನ್ನು ಧನ ವಿದ್ಯುದಂಶದ ಪಾಲಿಅಮೈನ್ ಹಿಡಿದಿಡುವುದನ್ನು ಕೌದಿಯ ಹೊಲಿಗೆಗೆ ಹೋಲಿಸಿದ್ದೀರಲ್ಲ, ಆ ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಕರಾರು ‘ಅಮೃತ’ದ ಬಗ್ಗೆ. ಜೀವಕೋಶ ತನ್ನ ಕಸವನ್ನು ತಾನೇ ಅರಗಿಸಿಕೊಳ್ಳುವ ಕೆಲಸಕ್ಕೆ ಸ್ಪರ್ಮಿಡಿನ್ ಎಂಬ ಇನ್ನೊಂದು ಪಾಲಿಅಮೈನ್ ಚಾಲನೆ ಕೊಡುತ್ತದೆ, ಯೀಸ್ಟ್, ಹುಳು, ನೊಣಗಳ ಆಯುಷ್ಯ ಹೆಚ್ಚಿಸುತ್ತದೆ ಎಂದು 2009ರಲ್ಲಿ ಕಂಡುಬಂದದ್ದು ನಿಜ. ಆದರೆ ಮುಂದಿನ ವಾಕ್ಯದಲ್ಲೇ ನೀವು ನೊಣದಿಂದ ಮನುಷ್ಯನಿಗೆ ಹಾರಿದ್ದೀರಿ. ಜರ್ಮನಿಯಲ್ಲಿ ನೂರು ಹಿರಿಯರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ ಸ್ಪರ್ಮಿಡಿನ್ ನೆನಪಿನ ಶಕ್ತಿಯನ್ನು ಹೆಚ್ಚಿಸಲಿಲ್ಲ. ಅದು 2022ರಲ್ಲಿ ಪ್ರಕಟವಾಯಿತು. ನಿಮ್ಮ ಲೇಖನದಲ್ಲಿ ಅದರ ಸುಳಿವಿಲ್ಲ.

ಇದಕ್ಕಿಂತ ದೊಡ್ಡ ಲೋಪ ಕ್ಯಾನ್ಸರ್‌ನದು. ಬೆಳೆಯುವ ಕೋಶಕ್ಕೆ ಪಾಲಿಅಮೈನ್ ಬೇಕು, ಗಡ್ಡೆಯ ಕೋಶಕ್ಕೂ ಬೇಕು. ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ತಡೆದು ಪಾಲಿಅಮೈನ್ ತಯಾರಿಕೆಯನ್ನೇ ಕುಗ್ಗಿಸುವ ಎಫ್ಲಾರ್ನಿಥಿನ್ ಮೊದಲು ಆಫ್ರಿಕಾದ ನಿದ್ರಾರೋಗಕ್ಕೆ ಮದ್ದಾಯಿತು. 2023ರಲ್ಲಿ ಅಮೆರಿಕ ಅದನ್ನು ನ್ಯೂರೋಬ್ಲಾಸ್ಟೋಮಾಕ್ಕೂ ಒಪ್ಪಿತು. ಅದು ಹೆಚ್ಚಾಗಿ ಪುಟ್ಟ ಮಕ್ಕಳನ್ನು ಕಾಡುವ ಕ್ಯಾನ್ಸರ್. ಕೊರತೆಯೂ ಕೇಡೇ: ಸ್ಪರ್ಮೈನ್ ತಯಾರಿಸುವ ಜೀನ್ ಕೆಟ್ಟ ಹುಡುಗರಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಮೂಳೆ ದುರ್ಬಲವಾಗುತ್ತದೆ.

ನಮ್ಮ ಪತ್ರಿಕೆಯನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರೂ ಓದುತ್ತಾರೆ. ಮನೆಯಲ್ಲಿ ಕ್ಯಾನ್ಸರ್ ರೋಗಿಯಿರುವ ಒಬ್ಬರು ನಿಮ್ಮ ಮಾತು ನಂಬಿ ಸ್ಪರ್ಮಿಡಿನ್ ಮಾತ್ರೆಗೆ ಕೂಲಿಯ ಹಣ ಸುರಿದರೆ ನಾನು ಏನು ಉತ್ತರ ಕೊಡಲಿ? ಸೋಯಾ, ಬಟಾಣಿ, ಅಣಬೆಗಳ ಪ್ಯಾರಾ ಇರಲಿ, ಅದು ಊಟದ ಮಾತು. ಮಾತ್ರೆಯ ವಿಷಯ ಬಂದಲ್ಲಿ ವೈದ್ಯರನ್ನು ಕೇಳಿ ಎಂಬ ಸಾಲು ಸೇರಲೇಬೇಕು.

ಶೀರ್ಷಿಕೆ ಬದಲಿಸಿ, ಕ್ಯಾನ್ಸರ್ ಭಾಗವನ್ನು ನಡುವೆ ಸೇರಿಸಿ, ಎಂಟುನೂರು ಪದಗಳಲ್ಲಿ ಮತ್ತೆ ಬರೆಯಿರಿ. ಯುಗಾದಿ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಇರಿಸಿದ್ದೇನೆ.